ತಾಯಿ ಚಿಟ್ಟೆಯ ಪರೀಕ್ಷೆ

ಜನವರಿ ಹದಿನೆಂಟು, ಬೆಳಿಗ್ಗೆ ಆರೂ ಇಪ್ಪತ್ತು. ಅಪ್ಪ ಇಕ್ಕಳ ತಂದು ಅಮ್ಮನ ಎಡಗಾಲಿನ ಕಾಲುಂಗುರ ಕತ್ತರಿಸಿದರು. ಕಾಲು ಊದಿ ಬೆಳ್ಳಿಯ ಸುತ್ತು ಬೆರಳೊಳಗೆ ಹೂತುಹೋಗಿತ್ತು. ಸೋಪು ಹಚ್ಚಿ ನೋಡಿದ್ದೆವು, ಎಣ್ಣೆ ಹಚ್ಚಿ ನೋಡಿದ್ದೆವು. ಬಲಗಾಲಿನದನ್ನು ಕತ್ತರಿಸುವಾಗ ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ನೋವಿಗಲ್ಲ.

ಚಿಂತಾಮಣಿಯಿಂದ ಬಂದು ನಮ್ಮಲ್ಲೇ ಇದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಇಟ್ಟುಕೊಂಡರು.

"ಗಂಡ ಇರೋವಾಗ್ಲೇ ಗಂಡನ ಕೈಯಾಗೇ ಕಾಲುಂಗುರ ತೆಗೆಸ್ಕೊಂಡೋಳ್ನ ಇವತ್ತೇ ನೋಡಿದ್ದು ನಾನು. ಏಂ ಖರ್ಮಮ್ಮಾ ಇದಿ!" ಏನು ಕರ್ಮವಮ್ಮಾ ಇದು ಎಂದು ತೆಲುಗಿನಲ್ಲಿ ಮುಗಿಸಿದರು.

"ಹಂಗಾದ್ರೆ ಬೆರಳೇ ತೆಗೀಲೇನಕ್ಕಾ?" ಅಂದರು ಅಪ್ಪ.

ಆ ದಿನವನ್ನು ನಾನು ಕಾಯಿಲೆಯ ಮೊದಲ ದಿನವೆಂದು ಬರೆದುಕೊಂಡೆ. ಡಾಕ್ಟರು ಆಮೇಲೆ ಅದನ್ನು ತಿದ್ದಿದರು. ಇದು ಒಂದೆರಡು ವರ್ಷದಿಂದ ಸದ್ದಿಲ್ಲದೆ ನಡೆದಿರಬೇಕು ಎಂದರು. ಆದರೂ ನನ್ನ ಪುಸ್ತಕದಲ್ಲಿ ಅದು ಹಾಗೆಯೇ ಇದೆ. ನಮಗೆ ಕಂಡ ದಿನವೇ ನಮ್ಮ ಲೆಕ್ಕದ ಮೊದಲ ದಿನ.

ದಿನಾಂಕ ಬರೆದಿಡುವ ಅಭ್ಯಾಸ ನನಗೆ ಹುಳುಮನೆಯಿಂದ ಬಂದದ್ದು. ಜಂಗಮಕೋಟೆಯ ಹತ್ತಿರ ನಮಗೆ ಎರಡು ಎಕರೆ ಹಿಪ್ಪುನೇರಳೆ ಇದೆ, ತೋಟದ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಮನೆ. ಮರಿ ಹುಳು ಬಂದ ದಿನ, ಹಾಕಿದ ಸೊಪ್ಪಿನ ತೂಕ, ಒಳಗಿನ ಬಿಸಿ, ಹುಳು ಜ್ವರಕ್ಕೆ ಕೂತ ಹೊತ್ತು, ಎದ್ದ ಹೊತ್ತು, ಎಲ್ಲವನ್ನೂ ಪಿಯುಸಿಯಿಂದ ಈಚೆಗೆ ನಾನೇ ಬರೆಯುತ್ತಿದ್ದೇನೆ. ನಮ್ಮ ಕಡೆ ಜ್ವರ ಎಂದರೆ ಹುಳುವಿಗೆ ಕಾಯಿಲೆ ಎಂದಲ್ಲ. ಸೊಪ್ಪು ಮುಟ್ಟದೆ ತಲೆಯೆತ್ತಿ ಕೂತು ಪೊರೆ ಬಿಡುವ ಕಾಲ ಅದು. ಇದಲ್ಲದೆ ಬೆಳಿಗ್ಗೆ ಸಂಜೆ ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು.

ಹಾಲಿನ ನೊರೆಯನ್ನು ದಿನಾ ನೋಡುವವಳು ನಾನು. ಅದಕ್ಕೇ ಇರಬೇಕು, ಬಚ್ಚಲಿನ ನೊರೆ ಮೊದಲು ಕಂಡದ್ದು ನನಗೆ. ಅಮ್ಮ ಹೋಗಿ ಬಂದ ಮೇಲೆ ಒಂದು ಚೊಂಬು ನೀರು ಹಾಕಿದರೂ ಅದು ಒಡೆಯುತ್ತಿರಲಿಲ್ಲ. ಅಂಥ ನೊರೆ ನೀರಿನಿಂದಷ್ಟೇ ಏಳುವುದಿಲ್ಲ. ಶಿಡ್ಲಘಟ್ಟದ ಕ್ಲಿನಿಕ್ಕಿನಲ್ಲಿ ಉಪ್ಪು ಕಡಿಮೆ ಮಾಡಿ ಅಂದರು, ಮಾತ್ರೆ ಕೊಟ್ಟರು, ಊತ ಎರಡು ದಿನ ಇಳಿದು ಮತ್ತೆ ಬಂತು. ಚಿಕ್ಕಬಳ್ಳಾಪುರದಲ್ಲಿ ಮೂತ್ರ ಪರೀಕ್ಷೆ ಮಾಡಿಸಿದಾಗ ಪ್ರೋಟೀನ್ ಮುಂದೆ ನಾಲ್ಕು ಪ್ಲಸ್ ಗುರುತು ಇತ್ತು.

ಆ ಚೀಟಿಯನ್ನು ಮನೆಯಲ್ಲಿ ಓದಿದ್ದೇ ತಪ್ಪಾಯಿತು. ಅತ್ತೆಗೆ ಅದರಲ್ಲಿ ಅರ್ಥವಾದ ಮಾತು ಒಂದೇ, ಪ್ರೋಟೀನ್ ಜಾಸ್ತಿ ಇದೆ. ಟಿ.ವಿ.ಯಲ್ಲಿ ಬೇಳೆ, ಮೊಟ್ಟೆ, ಹಾಲು ಅಂದರೆ ಪ್ರೋಟೀನ್ ಎಂದು ಹೇಳುವುದನ್ನು ಅವರು ಕೇಳಿದ್ದರು. ಮಾರನೇ ದಿನದಿಂದ ಅಮ್ಮನ ತಟ್ಟೆಗೆ ಬರೀ ಮುದ್ದೆ, ತಿಳಿ ಸಾರು. ಮನೆತುಂಬ ಅವರೆಕಾಯಿ ರಾಶಿ, ನಾವೆಲ್ಲ ಹಿತಕವರೆ ಸಾರು ಉಣ್ಣುವುದು, ಅಮ್ಮ ನಮ್ಮ ತಟ್ಟೆ ನೋಡುವುದು. ಎರಡು ವಾರದಲ್ಲಿ ಅಮ್ಮನ ಕೆನ್ನೆ ಇಳಿದು ಕಾಲು ಇನ್ನಷ್ಟು ದಪ್ಪವಾಯಿತು.

"ಮೂತ್ರದಲ್ಲಿ ಸೋರಿ ಹೋಗ್ತಿರೋದು ಒಳಗಿಂದ ಅತ್ತೆ. ಸೋರ್ತಿರೋ ಬಿಂದಿಗೆಗೆ ನೀರೂ ಹಾಕ್ಬೇಡಿ ಅಂದ್ರೆ ಹೆಂಗೆ?"

"ಓದಿದೀಯಲ್ಲಮ್ಮ, ನೀನೇ ಬಡಿಸು ಹಂಗಾದ್ರೆ," ಅಂದರು. ಬಡಿಸಿದೆ. ಅಮ್ಮ ಎರಡು ಸಲ ಹಾಕಿಸಿಕೊಂಡಳು.

ಬೆಂಗಳೂರಿನ ಕಿಡ್ನಿ ಡಾಕ್ಟರು ಮಾತು ಕಡಿಮೆಯ ಹೆಂಗಸು. ಕಿಡ್ನಿಯಿಂದ ಸೂಜಿಯಲ್ಲಿ ಒಂದು ಚೂರು ತೆಗೆದು ನೋಡಬೇಕು ಅಂದರು. ಮಾರ್ಚ್ ಆರರಂದು ತೆಗೆದರು. ಮಾರ್ಚ್ ಇಪ್ಪತ್ತೊಂದಕ್ಕೆ ನಾನೂ ಅಮ್ಮನೂ ಫಲಿತಾಂಶ ಕೇಳಲು ಹೋದೆವು. ಆ ಚೂರಿಗೆ ಕೆಂಪು ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದಾಗ ಅದು ಹಸಿರಾಗಿ ಹೊಳೆದಿತ್ತು. ಡಾಕ್ಟರು ಪರದೆಯ ಮೇಲೆ ತೋರಿಸಿದರು. ಎಳೇ ಹುಲ್ಲಿನ ಬಣ್ಣ, ನೋಡಲು ಚೆನ್ನಾಗಿಯೇ ಇತ್ತು.

"ಇದನ್ನ ಅಮಿಲಾಯ್ಡ್ ಅಂತಾರೆ. ದೇಹದ ಯಾವುದೋ ಒಂದು ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ, ಒಂದಕ್ಕೊಂದು ಅಂಟಿ, ಎಳೆ ಎಳೆಯಾಗಿ ಇಲ್ಲಿ ಕೂತಿದೆ. ಕರಗೋದಿಲ್ಲ. ಕಿಡ್ನಿ ಸೋರ್ತಿರೋದು ಅದಕ್ಕೇ. ಹಾರ್ಟಿಗೂ ಹೋಗಬಹುದು."

"ಯಾವ ಪ್ರೋಟೀನು ಮೇಡಂ?" ಅಂದೆ.

"ಅದೇ ಪ್ರಶ್ನೆ. ಹೀಗೆ ಕೆಡೋ ಪ್ರೋಟೀನುಗಳು ಹತ್ತಾರು ಇವೆ. ಮೈಕ್ರೋಸ್ಕೋಪಿನಲ್ಲಿ ಎಲ್ಲಾ ಒಂದೇ ಥರ ಕಾಣುತ್ತೆ, ಟ್ರೀಟ್‌ಮೆಂಟ್ ಮಾತ್ರ ಬೇರೆ ಬೇರೆ. ನಿಮ್ಮ ಮನೇಲಿ ಇನ್ಯಾರಿಗಾದರೂ ಈ ಥರ ಇತ್ತಾ?"

"ಇಲ್ಲ ತಾಯಿ. ಯಾರಿಗೂ ಇಲ್ಲ," ಅಂದಳು ಅಮ್ಮ.

"ತೊಂಡೇಬಾವಿ ಅಜ್ಜಿಗೆ ಇತ್ತು," ಅಂದೆ ನಾನು. ಅಮ್ಮನ ತಾಯಿ ಸತ್ತದ್ದು ನಾನು ಹುಟ್ಟುವ ಮೊದಲು. ಆದರೆ ಅವರ ಕಾಲು ಕಂಬದ ಹಾಗೆ ಊದಿತ್ತು ಎಂದು ಹಬ್ಬದಲ್ಲಿ ಸೇರಿದಾಗಲೆಲ್ಲ ಯಾರಾದರೂ ಹೇಳುತ್ತಿದ್ದರು. ಅಮ್ಮ ಮೇಜಿನ ಕೆಳಗೆ ನನ್ನ ಮಂಡಿ ಚಿವುಟಿದಳು. ನಾನು ಹೇಳಿದ್ದು ಸರಿ ಎಂದೇ ಇಂದಿಗೂ ಹೇಳುತ್ತೇನೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಗಾದರೆ ಇದು ವಂಶದಲ್ಲಿ ಬರುವ ಬಗೆಯೂ ಇರಬಹುದು, ಅಮ್ಮನ ಮೂಳೆಮಜ್ಜೆಯಿಂದ ಹೊರಟ ಬಗೆಯೂ ಇರಬಹುದು ಅಂದರು. ಮಜ್ಜೆಯದಾದರೆ ಅದಕ್ಕೆ ಬಲವಾದ ಔಷಧಿ ಇದೆ, ತಡ ಮಾಡದೆ ಶುರು ಮಾಡಬೇಕು. ವಂಶದ್ದಾದರೆ ಅದೇ ಔಷಧಿ ಸುಮ್ಮನೆ ಮೈ ಕೆಡಿಸುತ್ತದೆ. ಆದ್ದರಿಂದ ರಕ್ತ, ಮಜ್ಜೆ, ಜೊತೆಗೆ ಈಗಾಗಲೇ ತೆಗೆದ ಕಿಡ್ನಿ ಚೂರಿನ ಪ್ರೋಟೀನ್ ವಿಶ್ಲೇಷಣೆ, ಮೂರೂ ಬೇಕು. ಆ ವಿಶ್ಲೇಷಣೆಯನ್ನು ನಾನು ಕೇಳಿ ಕೇಳಿ ತಿಳಿದುಕೊಂಡೆ. ಹಸಿರು ಹೊಳೆದ ಜಾಗವನ್ನಷ್ಟೇ ಲೇಸರಿನಿಂದ ಕತ್ತರಿಸುತ್ತಾರೆ, ಅದರ ಪ್ರೋಟೀನನ್ನು ಸಣ್ಣ ಸಣ್ಣ ತುಂಡು ಮಾಡುತ್ತಾರೆ, ಯಂತ್ರ ಒಂದೊಂದು ತುಂಡನ್ನೂ ತೂಗುತ್ತದೆ. ತೂಕಗಳನ್ನು ಹೊಂದಿಸಿ ನೋಡಿದರೆ ಇದು ಇಂಥ ಪ್ರೋಟೀನು ಎಂದು ಗೊತ್ತಾಗುತ್ತದೆ. ಡೇರಿಯಲ್ಲಿರುವ ನನ್ನ ಯಂತ್ರ ಎಷ್ಟು ಜಿಡ್ಡು, ಎಷ್ಟು ಗಟ್ಟಿ ಎಂದು ಹೇಳುತ್ತದೆ, ಯಾರ ಮನೆಯ ಹಸುವಿನದು ಎಂದು ಹೇಳುವುದಿಲ್ಲ. ಈ ಯಂತ್ರ ಅದನ್ನೇ ಹೇಳುವಂಥದು.

"ಸೈನ್ ಮಾಡಿ, ಇವತ್ತೇ ಕಳಿಸ್ತೀನಿ," ಅಂದರು ಡಾಕ್ಟರು.

"ಮನೇಲಿ ಕೇಳ್ಬೇಕು," ಅಂದಳು ಅಮ್ಮ. ಮೂವತ್ತು ವರ್ಷದಲ್ಲಿ ಅಮ್ಮ ಮನೆಯಲ್ಲಿ ಕೇಳಿ ಮಾಡಿದ ಕೆಲಸ ಒಂದೂ ಇಲ್ಲ. ಅಪ್ಪನೇ ಹಾಗೆ ಹೇಳುತ್ತಾರೆ.

ವಾಪಸು ಬಸ್ಸು ನಮ್ಮೂರ ಕ್ರಾಸಿಗೆ ಬಂತು. ಇಳಿಯುವಾಗ ಅಮ್ಮ ಕಂಬಿ ಹಿಡಿದುಕೊಂಡು, "ಇನ್ನ ಯಾವ ಪರೀಕ್ಷೇನೂ ಬೇಡ. ಆ ಮಾತು ಇಲ್ಲಿಗೆ ಬಿಡು," ಅಂದಳು.

ಏಕೆ ಎಂದು ನನಗೆ ಗೊತ್ತಿತ್ತು. ನನ್ನ ಅಕ್ಕನಿಗೆ ಮಂಚೇನಹಳ್ಳಿಯ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ ಗೌರಿಬಿದನೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಡಿಸೆಂಬರಿನಲ್ಲೇ ಹುಡುಗಿ ನೋಡಿ, ಜಾತಕ ಕೂಡಿಸಿ ಆಗಿತ್ತು. ಮಾರ್ಚ್ ಮೂವತ್ತರಂದು ಹುಡುಗನ ತಂದೆತಾಯಿ ಮಾತು ಮುಗಿಸಲು ಬರುವವರಿದ್ದರು.

ಆದರೆ ಅಮ್ಮ ಅಷ್ಟಕ್ಕೇ ಹೆದರಿದ್ದಾಳೆ ಎಂದು ನಾನು ತಿಳಿದದ್ದು ತಪ್ಪು. ಎರಡು ದಿನ ಕಳೆದು ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಆ ಒಂದು ದಿನ ಸೊಪ್ಪು ಹಾಕುವ ಕೆಲಸವಿರುವುದಿಲ್ಲ. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಮೆಟ್ಟಿ ಒಳಗೆ ಹೋದೆವು. ಅಮ್ಮ ಸ್ಟೂಲಿನ ಮೇಲೆ ಕೂತು, ಜ್ವರಕ್ಕೆ ಕೂರದೆ ಹಿಂದೆ ಬಿದ್ದ ಹುಳುಗಳನ್ನು ಆರಿಸಿ ಸುಣ್ಣದ ಬಕೆಟ್ಟಿಗೆ ಹಾಕುತ್ತಿದ್ದಳು. ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದಂಥ ಸದ್ದು ಇರುತ್ತದೆ, ಅವತ್ತು ಅದೂ ಇರಲಿಲ್ಲ.

"ಹುಳುವಿಗೆ ಗಂಟುರೋಗ ಹೆಂಗೆ ಬರುತ್ತೆ ಹೇಳು," ಅಂದಳು ಅಮ್ಮ, ತಲೆ ಎತ್ತದೆ.

"ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತೆ."

"ಅದಕ್ಕೆ ಏನ್ ಮಾಡ್ತಾರೆ?"

ಅದು ಹುಳು ಸಾಕುವವರ ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ. ಬಿತ್ತನೆ ಮೊಟ್ಟೆ ತಯಾರಿಸುವ ಕಡೆ, ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟುರೋಗ ಹರಡುವ ಸಣ್ಣ ಕಾಳು ಕಂಡರೆ ಆ ತಾಯಿ ಇಟ್ಟ ಮೊಟ್ಟೆಯನ್ನು ಸುಟ್ಟುಬಿಡುತ್ತಾರೆ. ಮೊಟ್ಟೆ ನೋಡಲು ಎಷ್ಟೇ ಚೆನ್ನಾಗಿರಲಿ.

"ಸುಡ್ತಾರೆ," ಅಂದೆ.

"ನನ್ನ ಚೂರು ತಗೊಂಡೋಗಿ ಅರೀತಾರೆ. ರೋಗ ನಿಮ್ಮಜ್ಜಿಯಿಂದ ಬಂದಿದ್ದು ಅಂತ ಬರ್ಕೊಡ್ತಾರೆ. ಆಮೇಲೆ ನಿಮ್ಮಿಬ್ರನ್ನ? ನನ್ನ ಕೈಯಾರೆ ಕಡ್ಡಿ ಗೀರಿ ಕೊಡ್ಲಾ?"

"ಡಾಕ್ಟ್ರು ಯಾರ್ನೂ ಸುಡಲ್ಲಮ್ಮ."

"ಡಾಕ್ಟ್ರು ಸುಡಲ್ಲ ಕಣೇ. ಊರು ಸುಡುತ್ತೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾನು ಮೊಟ್ಟೆಯಲ್ಲ. ಅಕ್ಕನೂ ಅಲ್ಲ. ಒಬ್ಬರಿಗೆ ಬೇಡವಾದರೆ ಸುಟ್ಟುಹೋಗುವ ಸರಕು ನಾವಲ್ಲ. ಹಾಗೆಂದು ಅಮ್ಮನಿಗೆ ಹೇಳಿದೆ, ಜೋರಾಗಿಯೇ ಹೇಳಿದೆ. "ಮೆಲ್ಲಗೆ ಮಾತಾಡು, ಹುಳು ಜ್ವರಕ್ಕೆ ಕೂತಿದೆ," ಅಂದಳು.

ಅಂದು ಸಂಜೆ ಅಕ್ಕನ ಹತ್ತಿರ ಎಲ್ಲ ಹೇಳಿದೆ. ಅವಳು ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಮೇಡಂ. ಮನೆಯಲ್ಲಿ ದನಿ ಏರಿಸದವಳು, ನನ್ನ ಹಾಗಲ್ಲ. ಹಸುವಿಗೆ ಹುಲ್ಲು ಹಾಕುತ್ತ, "ಚೂರು ಆಸ್ಪತ್ರೇಲೇ ಇದೆ. ಅಪ್ಪನ ಕೈಲಿ ಸೈನ್ ಹಾಕ್ಸಿ ಕಳ್ಸಿಬಿಡು, ಅಮ್ಮಂಗೆ ಯಾಕೆ ಗೊತ್ತಾಗ್ಬೇಕು?" ಅಂದಳು.

"ಕದ್ದು ಕಳ್ಸಲ್ಲ," ಅಂದೆ. "ಕದ್ದು ಮಾಡಿದ್ರೆ ಇದು ನಾಚ್ಕೆ ಕೆಲ್ಸ ಅಂತ ನಾವೂ ಒಪ್ಕೊಂಡಂಗೆ. ಮೈ ಅಮ್ಮಂದು. ಹೂಂ ಅನ್ಬೇಕಾದೋಳು ಅವಳೇ."

"ಅನ್ನಲ್ವಲ್ಲೇ!"

"ಅನ್ನೋವರ್ಗೂ ಬಿಡಲ್ಲ."

ಬಿಡಲಿಲ್ಲ. ದಿನಾ ಬೆಳಿಗ್ಗೆ ಹಾಲಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ಅಮ್ಮನನ್ನು ಅದೇ ಕೇಳಿದೆ. ಒಂದೊಂದು ಸಲ ಕೇಳಿದ್ದಕ್ಕೂ ಪುಸ್ತಕದಲ್ಲಿ ಒಂದು ಗೆರೆ ಎಳೆದೆ. ಅಮ್ಮ ಒಮ್ಮೆ ಬೈದಳು, ಒಮ್ಮೆ ನಕ್ಕಳು, ಒಮ್ಮೆ ಪೊರಕೆ ಎಸೆದಳು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು ಆ ವಾರವೇ ಶುರುವಾಯಿತು. ಹಾರ್ಟಿಗೂ ಹೋಗಬಹುದು ಎಂದು ಡಾಕ್ಟರು ಅಂದದ್ದು ನಮ್ಮಿಬ್ಬರ ಕಿವಿಗೂ ಬಿದ್ದಿತ್ತು. ಅದನ್ನು ಅಮ್ಮನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ ಮೂವತ್ತು ಬಂತು. ಅತ್ತೆ ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿದರು. "ಎದ್ದು ಓಡಾಡ್ಬೇಡ. ಕೇಳಿದ್ರೆ ಕಾಲು ಉಳುಕಿದೆ ಅಂತೀನಿ." ಹುಡುಗನ ತಂದೆತಾಯಿ ಹನ್ನೊಂದು ಗಂಟೆಗೆ ಬಂದರು. ಒಬ್ಬಟ್ಟು ಬಡಿಸಿದೆವು. ಹುಡುಗನ ತಾಯಿ ಕುಂಕುಮ ಇಡಲು ಅಮ್ಮನ ಎದುರು ಬಗ್ಗಿದಾಗ ನೆರಿಗೆ ಸರಿಯಿತು.

"ಯಾಕಮ್ಮ, ಕಾಲು ಹಿಂಗಾಗೈತೆ? ಕಾಲುಂಗುರ ಎಲ್ಲಿ?"

"ಉಳುಕು, ಉಳುಕು," ಅಂದರು ಅತ್ತೆ. "ಬದುವಿನ್ಮೇಲೆ ಜಾರಿದ್ಲು."

"ಎರಡೂ ಕಾಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅಕ್ಕ ಹೊರಗೆ ಬಂದಳು. ಕೈಯಲ್ಲಿ ಇನ್ನೂ ತುಪ್ಪದ ಬಟ್ಟಲಿತ್ತು.

"ಉಳುಕಿಲ್ಲ ಅಮ್ಮ. ನಮ್ಮಮ್ಮಂಗೆ ಕಾಯಿಲೆ ಇದೆ. ಅಮಿಲಾಯ್ಡ್ ಅಂತ ಹೆಸ್ರು. ಅದು ವಂಶದ್ದೋ ಅಲ್ವೋ ಇನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳಕ್ಕೆ ಒಂದು ಪರೀಕ್ಷೆ ಇದೆ, ನಿಮ್ಮ ಭಯಕ್ಕೆ ಇವಳು ಮಾಡಿಸ್ಕೊಳ್ತಿಲ್ಲ. ವಂಶದ್ದೇ ಆದ್ರೆ ನಂಗೂ ಬರಬೌದು. ಕೇಳ್ಕೊಂಡು ಒಬ್ಬಟ್ಟು ತಿನ್ನಿ. ತುಪ್ಪ ಹಾಕ್ಲಾ?"

ಹುಡುಗನ ತಂದೆ ಮಾತ್ರ ತುಪ್ಪ ಹಾಕಿಸಿಕೊಂಡರು. ಆಮೇಲೆ ಹಿಪ್ಪುನೇರಳೆ ತೋಟದ ಬಗ್ಗೆ, ರೇಷ್ಮೆ ಗೂಡಿನ ರೇಟಿನ ಬಗ್ಗೆ ಮಾತಾಡಿದರು. ಒಂದು ಗಂಟೆಗೆ ಹೊರಟರು. ಜಾತಕ ಕೂಡಿ ಬರಲಿಲ್ಲ ಎಂದು ನಾಲ್ಕನೇ ದಿನ ಮಧ್ಯಸ್ಥರ ಫೋನು ಬಂತು. ಡಿಸೆಂಬರಿನಲ್ಲಿ ಕೂಡಿದ್ದ ಜಾತಕ ಏಪ್ರಿಲ್‌ಗೆ ಹೇಗೆ ಬಿಟ್ಟುಕೊಂಡಿತೋ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ.

ಆದರೆ ಅಮ್ಮ ಫೋನಿಗಾಗಿ ಕಾದಿರಲಿಲ್ಲ. ಅವರ ಕಾರು ತಿರುವು ದಾಟಿದ ಕೂಡಲೇ ಅಕ್ಕನ ಕೆನ್ನೆಗೆ ಒಂದು ಕೊಟ್ಟಳು. ಆಮೇಲೆ ಅಲ್ಲೇ ಜಗಲಿಯ ಮೇಲೆ ಕೂತು ಬಹಳ ಹೊತ್ತು ಏದುಸಿರು ಬಿಟ್ಟಳು. ಅಕ್ಕ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನೀರು ತಂದುಕೊಟ್ಟಳು.

"ಸುಟ್ಟಿದ್ದಾಯ್ತಲ್ಲ," ಅಂದಳು ಅಮ್ಮ.

"ನಾನಿಲ್ಲೇ ಇದೀನಮ್ಮ. ಎಲ್ಲಿ ಸುಟ್ಟಿದೀನಿ, ನೋಡು," ಅಂದಳು ಅಕ್ಕ.

ಅಮ್ಮ ನಿಜವಾಗಿಯೂ ನೋಡಿದಳು. ಅಕ್ಕನ ಮುಖ, ಕೈ, ಕೈಯಲ್ಲಿನ ಲೋಟ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಗೆರೆ ಎಳೆಯೋದು ನಿಲ್ಸು. ನಾಳೆ ಮೊದ್ಲ ಬಸ್ಸಿಗೆ ಹೋಗಣ," ಅಂದಳು.

ಏಪ್ರಿಲ್ ಇಪ್ಪತ್ತನಾಲ್ಕು, ಮಧ್ಯಾಹ್ನ ಹನ್ನೆರಡೂವರೆ. ಈ ಸಲ ಅಮ್ಮ, ಅಕ್ಕ, ನಾನು, ಮೂವರೂ ಡಾಕ್ಟರ ಎದುರು ಕೂತಿದ್ದೆವು. ಯಂತ್ರ ತೂಗಿ ಹೇಳಿದ ಹೆಸರು ಲ್ಯಾಂಬ್ಡಾ ಲೈಟ್ ಚೈನ್. ರಕ್ತವೂ ಮಜ್ಜೆಯೂ ಅದನ್ನೇ ಹೇಳಿದ್ದವು. ವಂಶದ್ದಲ್ಲ.

"ರೋಗ ಬಂದಾಗ ಹೋರಾಡೋಕೆ ನಮ್ಮ ಮಜ್ಜೆಯಲ್ಲಿ ಕೆಲವು ಕಣಗಳು ಪ್ರತಿಕಾಯ ಮಾಡ್ತವೆ," ಅಂದರು ಡಾಕ್ಟರು. "ಒಂದೊಂದು ಪ್ರತಿಕಾಯಕ್ಕೂ ದೊಡ್ಡ ತುಂಡು, ಚಿಕ್ಕ ತುಂಡು ಅಂತ ಇರುತ್ತೆ. ಇವರಲ್ಲಿ ಅಂಥ ಒಂದು ಕಣ ದಾರಿ ತಪ್ಪಿ, ತನ್ನ ಹಾಗೇ ಇರೋ ಕಣಗಳನ್ನ ಬೆಳೆಸಿಕೊಂಡು, ಬರೀ ಚಿಕ್ಕ ತುಂಡನ್ನೇ, ಅಂದರೆ ಈ ಲೈಟ್ ಚೈನನ್ನೇ, ಬೇಕಾಬಿಟ್ಟಿ ಮಾಡಿ ರಕ್ತಕ್ಕೆ ಬಿಡ್ತಿದೆ. ಅದೇ ಕೆಟ್ಟು ಎಳೆಯಾಗಿ ಕಿಡ್ನಿಯಲ್ಲಿ ಕೂತಿದೆ, ಹಾರ್ಟಿನಲ್ಲೂ ಸ್ವಲ್ಪ. ಬೇರೆ ಕಣಗಳು ಹೋಗಿ ಆ ಎಳೇನ ತಿಂದು ಹಾಕೋಕೆ ನೋಡ್ತವೆ, ಆದರೆ ಅವಕ್ಕೆ ಸುಲಭಕ್ಕೆ ಜಗಿಯೋಕೆ ಆಗಲ್ಲ."

"ಅಂದ್ರೆ ನನ್ನ ಕಾಯೋಕೆ ಇಟ್ಕೊಂಡಿರೋನೇ ನನ್ನ ಮನೆಗೆ ಕಸ ಸುರೀತಾವ್ನೆ," ಅಂದಳು ಅಮ್ಮ.

"ಹೆಚ್ಚುಕಡಿಮೆ ಹಾಗೇ. ಔಷಧಿ ಸುರಿಯೋನನ್ನ ನಿಲ್ಲಿಸುತ್ತೆ. ಸುರಿದಿರೋ ಕಸ ನಿಧಾನಕ್ಕೆ ಹೋಗಬಹುದು, ಹೋಗದೇನೂ ಇರಬಹುದು. ನಾನು ಭರವಸೆ ಕೊಡಲ್ಲ."

ಭರವಸೆ ಕೊಡದ ಆ ಡಾಕ್ಟರ ಮೇಲೆ ನನಗೆ ಅಂದೇ ನಂಬಿಕೆ ಹುಟ್ಟಿತು. ಎಳೆ ಕರಗದು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಹುಳುವಿನ ಹೊಟ್ಟೆಯಲ್ಲಿರುವಾಗ ರೇಷ್ಮೆ ಜೇನಿನ ಹಾಗೆ ಹರಿಯುವ ದ್ರವ, ಅದೂ ಪ್ರೋಟೀನೇ. ಬಾಯಿಂದ ಹೊರಗೆ ಬಂದು ಎಳೆಯಾದ ಮೇಲೆ, ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ರೀಲಿಂಗ್ ಮನೆಗಳಲ್ಲಿ ಕುದಿಯುವ ನೀರಿಗೆ ಹಾಕಿದರೂ ಮೇಲಿನ ಅಂಟಷ್ಟೇ ಬಿಡುತ್ತದೆ. ಎಳೆ ಹಾಗೆಯೇ ಇರುತ್ತದೆ, ಅದರ ಮೇಲೆಯೇ ನಮ್ಮ ಜೀವನ ನಡೆಯುವುದು. ಅಂಥದೊಂದು ಎಳೆ ಅಮ್ಮನ ಒಳಗೆ ಕೂತಿದೆ. ಬಾಗಿಲು ಹಾಕಿಕೊಂಡು ಸುಮ್ಮನಿದ್ದರೆ ಅದು ಬೆಳೆಯುತ್ತದೆ, ಅಷ್ಟೇ.

ಮನೆಗೆ ಬಂದು ಹೇಳಿದ ಕೂಡಲೇ ಅತ್ತೆ ಚಪ್ಪಲಿ ಮೆಟ್ಟಿಕೊಂಡರು. "ವಂಶದ್ದಲ್ಲ ಅಂತ ಚೀಟಿ ಐತಲ್ಲ! ಮಂಚೇನಹಳ್ಳಿಗೆ ನಾನೇ ಹೋಗ್ತೀನಿ. ಮಾತು ತಿರುಗಿಸ್ತೀನಿ."

"ಬೇಡ ಅತ್ತೆ," ಅಂದಳು ಅಕ್ಕ.

"ಯಾಕಮ್ಮಾ? ಚೀಟೀಲೇ ಐತಲ್ಲ!"

"ಈ ಚೀಟಿ ತೋರಿಸಿ ನನ್ನ ಮದುವೆ ಮಾಡಿದ್ರೆ, ವಂಶದ್ದು ಅಂತ ಚೀಟಿ ಬಂದಿರೋ ಮನೆ ಹುಡುಗೀನ ಏನ್ ಮಾಡ್ಬೇಕು ಅಂತೀರಿ? ಅವಳ್ನ ಸುಡೋದು ಸರಿ ಅಂತ ನಾನೇ ಹೇಳ್ದಂಗಾಗಲ್ವಾ?"

ಅತ್ತೆ ಚಪ್ಪಲಿ ಬಿಟ್ಟರು. ಒಪ್ಪಿದರೆಂದು ಅಲ್ಲ. "ಇಬ್ರೂ ಒಂದೇ ಅಚ್ಚು," ಎಂದು ಅಪ್ಪನ ಕಡೆ ನೋಡಿದರು. ಅಪ್ಪ ಬೀಡಿ ಹಚ್ಚಿ ತೋಟದ ಕಡೆ ಹೋದರು.

ಔಷಧಿ ಮೇ ಮೊದಲ ವಾರ ಶುರುವಾಯಿತು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚುಮದ್ದು, ಜೊತೆಗೆ ಮಾತ್ರೆ. ಮಾತ್ರೆ ತೆಗೆದುಕೊಂಡ ದಿನ ಅಮ್ಮನಿಗೆ ನಿದ್ದೆ ಬರುವುದಿಲ್ಲ, ಹುಳುಮನೆಯನ್ನು ಮೂರು ಸಲ ಗುಡಿಸುತ್ತಾಳೆ. ಮಾರನೇ ದಿನ ಏಳುವುದಿಲ್ಲ. ಬೆರಳ ತುದಿ ಜೋಮು ಹಿಡಿದು ಹುಳು ಆರಿಸಲು ಕಷ್ಟ. ಇದನ್ನೆಲ್ಲ ಬರೆದುಕೊಂಡು ಡಾಕ್ಟರಿಗೆ ಓದಿ ಹೇಳುತ್ತೇನೆ.

ಒಂದು ಪ್ರಶ್ನೆ ಉಳಿದಿತ್ತು. ವಂಶದ್ದಲ್ಲವಾದರೆ ಅಜ್ಜಿಯ ಕಾಲು ಊದಿದ್ದು ಏಕೆ? ಜೂನ್ ಎಂಟರಂದು ತೊಂಡೇಬಾವಿಗೆ ಹೋದೆ. ಅಜ್ಜಿಯ ಪಕ್ಕದ ಮನೆಯಲ್ಲಿದ್ದ ಮುದುಕಿ ಈಗಲೂ ಗಟ್ಟಿ ಇದ್ದಾರೆ. ರೈಲ್ವೆ ಸ್ಟೇಷನ್ನಿನ ಕಡೆಯ ಬೀದಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಯಾರ ಮೊಮ್ಮಗಳೆಂದು ಹೇಳಿದೆ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಕಾಲು ಊದಿದ್ದು ಕೊನೆಗಮ್ಮ. ಅದಕ್ಕೂ ಮುಂಚೆ ಕೆಮ್ಮು. ವರ್ಷಾನುಗಟ್ಟಲೆ ಕೆಮ್ಮಿದ್ಲು, ಕಫದಾಗೆ ರಕ್ತ ಬತ್ತಿತ್ತು."

"ಆಸ್ಪತ್ರೆಗೆ ಹೋಗ್ಲಿಲ್ವಾ?"

"ಎಲ್ಲೋಗ್ತಾಳೆ? ಮನೇಲಿ ಮದ್ವೆಗೆ ಮಗಳಿದ್ಲು. ಕೆಮ್ಮಿನ ಮನೆ ಅಂತ ಹೆಸ್ರು ಬಂದ್ರೆ ಯಾರ್ ಮಾಡ್ಕೊಂತಾರೆ ನಿಮ್ಮಮ್ಮನ್ನ? ಮದ್ವೆ ಮುಗೀಲಿ, ಆಮೇಲೆ ಹೋಗ್ತೀನಿ ಅಂದ್ಲು. ಮುಗೀತು. ಹೋದ್ಲು. ಅಷ್ಟೊತ್ತಿಗೆ ಕಾಲು ಹಿಂಗಾಗಿತ್ತು." ಅವರು ಕಡಲೆಕಾಯಿಯ ಮೊರವನ್ನು ಎರಡೂ ಕೈಯಲ್ಲಿ ತಬ್ಬಿ ಗಾತ್ರ ತೋರಿಸಿದರು.

ಡಾಕ್ಟರನ್ನು ಕೇಳಿದೆ. ಕ್ಷಯದಂಥ ರೋಗ ಔಷಧಿಯಿಲ್ಲದೆ ವರ್ಷಗಟ್ಟಲೆ ಉಳಿದರೆ, ದೇಹದ ರೋಗನಿರೋಧಕ ವ್ಯವಸ್ಥೆ ಬಿಡುವಿಲ್ಲದೆ ಕೆರಳಿಯೇ ಇರುತ್ತದೆ. ಆಗ ಯಕೃತ್ತು ಬೇರೊಂದು ಪ್ರೋಟೀನನ್ನು ಹೆಚ್ಚು ಹೆಚ್ಚು ಮಾಡುತ್ತದೆ, ಅದೂ ಕೆಲವರಲ್ಲಿ ಹೀಗೆಯೇ ಎಳೆಯಾಗಿ ಕೂರಬಹುದು. ಕ್ಷಯಕ್ಕೆ ಹೊತ್ತಿಗೆ ಸರಿಯಾಗಿ ಔಷಧಿ ಕೊಟ್ಟಿದ್ದರೆ ಅದನ್ನು ತಡೆಯಲೂಬಹುದಿತ್ತು. "ಆದರೆ ನಿಮ್ಮ ಅಜ್ಜಿಗೆ ಅದೇ ಆಗಿತ್ತು ಅಂತ ನಾನು ಹೇಳಲ್ಲ. ನೋಡೋಕೆ ಒಂದು ಚೂರೂ ಇಲ್ಲ," ಅಂದರು.

ಅಮ್ಮನಿಗೆ ಹೇಳಿದೆ. ಚಂದ್ರಿಕೆಯಲ್ಲಿ ಹುಳು ಗೂಡು ಕಟ್ಟುತ್ತಿದ್ದ ದಿನ ಅದು. ಚಂದ್ರಿಕೆ ಅಂದರೆ ಹಣ್ಣಾದ ಹುಳು ಬಿಡುವ ಬಿದಿರಿನ ತಟ್ಟೆ. ಅದಕ್ಕೆ ಒರಗಿ ನಿಂತು ಕೇಳಿದಳು.

"ನನ್ನ ಧಾರೇಲಿ ಅವ್ವ ಬಾಯಿಗೆ ಸೆರಗು ಒತ್ಕೊಂಡೇ ನಿಂತಿದ್ಲು," ಅಂದಳು. "ನನ್ನ ಕಳಿಸ್ಕೊಡಕ್ಕೆ ಅಳ್ತಾವ್ಳೆ ಅನ್ಕೊಂಡಿದ್ದೆ. ಕೆಮ್ಮು ತಡ್ಕೊಂತಿದ್ಲಾ?"

ಮಾರನೇ ದಿನ ಅಮ್ಮ ಡೇರಿಗೆ ತಾನೇ ಹಾಲು ತಂದಳು. ತಿಂಗಳುಗಳಾಗಿತ್ತು ಅವಳು ಬಂದು. ಸಾಲಿನಲ್ಲಿ ನಿಂತ ಹೆಂಗಸರು ಕಾಲು ನೋಡಿದರು. ಒಬ್ಬಳು, "ಕಾಲುಂಗುರ ಯಾಕಕ್ಕ ಹಾಕ್ಕೊಂಡಿಲ್ಲ?" ಅಂದಳು. ಅಪ್ಪ ಶಿಡ್ಲಘಟ್ಟದಿಂದ ದೊಡ್ಡ ಅಳತೆಯ ಹೊಸ ಜೊತೆ ತಂದಿದ್ದರು. ಅಮ್ಮ ಅದನ್ನು ಮುಟ್ಟಿರಲಿಲ್ಲ.

"ಊತಕ್ಕೆ ಅಳತೆ ಕೊಟ್ಟು ಉಂಗುರ ಮಾಡಿಸ್ಕೊಳಲ್ಲ ನಾನು," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಕಾಯಿಲೆ ಹೆಸ್ರು ಅಮಿಲಾಯ್ಡ್. ನನ್ನ ಮಗಳ್ನ ಕೇಳಿ, ಹೇಳ್ತಾಳೆ. ನಿಮ್ಮನೇಲಿ ಯಾರಿಗಾದ್ರೂ ಬಚ್ಚಲಾಗೆ ನೊರೆ ನಿಲ್ತದಾ? ಮುಚ್ಚಿಡ್ಬೇಡಿ."

ಅಂದಿನಿಂದ ನನ್ನ ಪುಸ್ತಕದಲ್ಲಿ ಒಂದು ಹೊಸ ಹಾಳೆ ಶುರುವಾಗಿದೆ. ಹಾಲಿನ ಸಾಲು ಕರಗಿದ ಮೇಲೆ ಹಿಂದೆ ಉಳಿದು, ದನಿ ಇಳಿಸಿ ಮಾತಾಡಿದ ಮನೆಗಳ ಲೆಕ್ಕ ಅದರಲ್ಲಿದೆ. ಇವತ್ತಿಗೆ ಐದು ಗೆರೆ. ಎಲ್ಲವೂ ಈ ಕಾಯಿಲೆಯೇ ಅಲ್ಲ, ಒಬ್ಬರಿಗೆ ಬರೀ ಸಕ್ಕರೆ ಕಾಯಿಲೆ. ಕಿಡ್ನಿ ಹೋಯಿತು ಎಂದಷ್ಟೇ ಆಸ್ಪತ್ರೆಯವರು ಹೇಳಿ ಕಳಿಸಿದ ಇಬ್ಬರಿಗೆ, ಯಾವುದರಿಂದ ಹೋಯಿತು ಎಂದು ಯಾರೂ ಹೇಳಿಲ್ಲ. ಅವರೂ ಕೇಳಿಲ್ಲ.

ಅಮ್ಮನ ರಕ್ತದಲ್ಲಿ ಆ ಚಿಕ್ಕ ತುಂಡು ಇಳಿಯುತ್ತಿದೆ. ಕಾಲು ಇನ್ನೂ ಇಳಿದಿಲ್ಲ. ಎರಡನ್ನೂ ಬರೆದಿದ್ದೇನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರು ಇದನ್ನು ಓದುತ್ತಿದ್ದರೆ ನನಗೆ ಒಂದು ಕೆಲಸ ಮಾಡಿಕೊಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲು ಊದಿತ್ತೇ, ಮೂತ್ರ ನೊರೆಗಟ್ಟಿತ್ತೇ, ನಾಲಿಗೆ ದಪ್ಪವಾಗಿತ್ತೇ, ಇಲ್ಲವೇ ಕಣ್ಣಿನ ಸುತ್ತ ಕಾರಣವಿಲ್ಲದೆ ನೀಲಿಗಟ್ಟಿತ್ತೇ? ಯಾವ ಪ್ರೋಟೀನು ಎಂದು ಪರೀಕ್ಷೆ ಮಾಡಿಸಿದಿರೇ? ಹಳೇ ಕೆಮ್ಮಿನ ಹಿಂದೆ ಊತ ಬಂದದ್ದು ಕಂಡಿದ್ದೀರೇ? ಈ ಔಷಧಿ ನಿಲ್ಲಿಸಿದ ಮೇಲೆ ಏನಾಯಿತು? ನನಗಿಂತ ಹೆಚ್ಚು ಗೊತ್ತಿರುವ ಡಾಕ್ಟರುಗಳು, ನರ್ಸುಗಳು, ಲ್ಯಾಬಿನವರು ಇದ್ದರೆ ನಾನು ಬರೆದದ್ದರಲ್ಲಿ ತಪ್ಪಿದ್ದ ಕಡೆ ತಿದ್ದಿ. ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಮನೆಯಲ್ಲಿ ಮದುವೆಗೆ ಮಗಳಿದ್ದಾಳೆ ಎಂದು ಹೆಸರು ಹಾಕಲು ಹೆದರಿಕೆಯಾದರೆ ಹಾಕಬೇಡಿ. ನಮ್ಮಜ್ಜಿಯೂ ಹೆದರಿದ್ದರು, ಅವರನ್ನು ನಾನು ಬೈಯಲಾರೆ. ಆದರೆ ಬರೆಯಿರಿ.